ಹತ್ತೊಂಬತ್ತನೆಯ ಮದ್ದು

ಚಿನ್ನಿ ಮಂಚದ ಕೆಳಗಿನಿಂದ ಅಜ್ಜಿಯ ರಾತ್ರಿಯ ಉಚ್ಚೆಯ ಬಿಳಿ ಬೇಸಿನ್ನನ್ನು ಎರಡೂ ಕೈಯಿಂದ ಎಳೆದುಕೊಂಡು, ತುಳುಕದಂತೆ ಎತ್ತಿ, ಹಿಂಬಾಗಿಲನ್ನು ಮೊಣಕೈಯಿಂದ ನೂಕಿ ಹೊರಗೆ ಬಂದಳು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಚ್ಚಲ ಕಲ್ಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಚಿನ್ನಿ ಬೇಸಿನ್ನನ್ನು ತುಸುವೇ ವಾಲಿಸಿದಳು. ಒಂದೇ ಸಲಕ್ಕೆ ಸುರಿಯುವುದು ಅವಳ ರೂಢಿಯಲ್ಲ. ಮೊದಲು ನೋಡಬೇಕು, ಆಮೇಲೆ ಚೆಲ್ಲಬೇಕು, ಎರಡು ಚೊಂಬು ನೀರು ಹಾಕಿ ಪೊರಕೆಯಲ್ಲಿ ತಿಕ್ಕಬೇಕು, ಒಳಗೆ ಹೋಗಿ ಗೋಡೆಯ ಮೊಳೆಗೆ ಸಿಕ್ಕಿಸಿದ ಮಾತ್ರೆ ಕಾರ್ಡಿನಲ್ಲಿ ಹಿಂದಿನ ದಿನದ ಚೌಕದೊಳಗೆ ಒಂದು ಗೀಟು ಎಳೆಯಬೇಕು.

ಇವತ್ತು ನೋಡಿದಳು. ಚೆಲ್ಲಲಿಲ್ಲ.

ಬಣ್ಣ ಕೆಂಪಗೇ ಇತ್ತು. ಆದರೆ ಎರಡು ತಿಂಗಳಿಂದ ಅವಳು ನೋಡುತ್ತಾ ಬಂದ ಕೆಂಪು ಕಿತ್ತಳೆ ಸಿಪ್ಪೆಯದು. ಇದು ಪುನರ್ಪುಳಿ ಶರಬತ್ತಿನ ಕೆಂಪು. ಬೇಸಿನ್ನಿನ ಅಂಚಿಗೆ ತಾಗಿದಲ್ಲಿ ನೇರಳೆ. ನಿನ್ನೆಯೂ ಹೀಗೇ ಇತ್ತಲ್ಲವೆ ಎಂದು ಈಗ ಹೊಳೆಯಿತು. ಮೊನ್ನೆಯೂ. ನೋಡಿದ್ದಳು, ಕೆಂಪು ಕಂಡಿತ್ತು, ಗೀಟು ಹಾಕಿ ಕೆಲಸಕ್ಕೆ ಓಡಿದ್ದಳು.

ಕೊಡಗಿನ ಕಕ್ಕಬೆಯಿಂದ ಮೇಲೆ ಹೋಗುವ ದಾರಿಯಲ್ಲಿ ಬೊಳ್ಳಮ್ಮನವರ ಕಾಫಿ ಎಸ್ಟೇಟು. ಅದರ ತಗ್ಗಿನಲ್ಲಿ ಆರು ಮನೆಗಳ ಲೈನು, ಲೈನಿನ ಕೊನೆಯ ಮನೆ ಚಿನ್ನಿಯ ಅಜ್ಜಿ ಮಾರಿಯದು. ನಲವತ್ತು ವರ್ಷ ಅದೇ ಎಸ್ಟೇಟಿನಲ್ಲಿ ಪಿಕಿಂಗ್ ಮಾಡಿದವಳು ಮಾರಿ. ಅವಳ ಸೊಂಟದ ಚೀಲ ತುಂಬುವುದರೊಳಗೆ ಉಳಿದವರದು ಅರ್ಧವೂ ಆಗಿರುತ್ತಿರಲಿಲ್ಲ ಎಂದು ಲೆಕ್ಕ ಬರೆಯುವ ರೈಟರು ಈಗಲೂ ಹೇಳುತ್ತಾರೆ. ಚಿನ್ನಿಯ ಅಪ್ಪ ಅಮ್ಮ ಶುಂಠಿ ಕೆಲಸಕ್ಕೆಂದು ಗಡಿ ದಾಟಿ ಹೋದವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಚಿನ್ನಿ ಎಂಟನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟಳು. ಬಿಡಿಸಿದವರು ಯಾರೂ ಇಲ್ಲ. ಮೇಷ್ಟರು ಎದ್ದು ನಿಲ್ಲಿಸಿ ಓದು ಎಂದರೆ ಅವಳ ಬಾಯಿ ಒಣಗುತ್ತಿತ್ತು, ಅಷ್ಟೇ. ಈಗ ಇಪ್ಪತ್ತು ವರ್ಷ. ಬೊಳ್ಳಮ್ಮನವರ ಹೋಮ್‌ಸ್ಟೇಯಲ್ಲಿ ಹಾಸಿಗೆ ಹಾಸುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಅತಿಥಿಗಳು ಏನಾದರೂ ಕೇಳಿದರೆ ತಲೆ ಅಲ್ಲಾಡಿಸಿ ಒಳಗೆ ಹೋಗಿ ತಂದುಕೊಡುತ್ತಾಳೆ. ಮಾತು ಕಮ್ಮಿ, ಕಣ್ಣು ಜಾಸ್ತಿ ಎಂದು ಅಜ್ಜಿಯೇ ಅವಳನ್ನು ಹಾಸ್ಯ ಮಾಡುವುದು.

ಮಾರಿಗೆ ಟಿ.ಬಿ. ಎಂದು ಗೊತ್ತಾದದ್ದು ಜೂನಿನಲ್ಲಿ. ಅದಕ್ಕೆ ಮೊದಲು ಎರಡು ತಿಂಗಳು ಕೆಮ್ಮಿ ಕೆಮ್ಮಿ ಮೂವತ್ತಾರು ಕೆಜಿಗೆ ಇಳಿದಿದ್ದಳು. ಆಶಾ ಕಾರ್ಯಕರ್ತೆ ಸರೋಜ ಬಂದು ಕಫದ ಡಬ್ಬಿ ಕೊಟ್ಟು, ಪರೀಕ್ಷೆಗೆ ಒಯ್ದು, ಆಮೇಲೆ ಮಾತ್ರೆಯನ್ನೂ ಕಾರ್ಡನ್ನೂ ತಂದುಕೊಟ್ಟವಳು. ದಿನಕ್ಕೆ ಮೂರು ಮಾತ್ರೆ, ಮೂರೂ ಒಟ್ಟಿಗೆ, ಖಾಲಿ ಹೊಟ್ಟೆಗೆ. ಒಂದು ದಿನವೂ ಬಿಡಬಾರದು. ಎರಡು ತಿಂಗಳು ಈ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಬೇರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ತಕ್ಷಣ ಫೋನು ಮಾಡಬೇಕು. ಇಷ್ಟನ್ನೂ ಸರೋಜ ಬೆರಳು ಮಡಚಿ ಮಡಚಿ ಹೇಳಿದ್ದಳು. ಈ ಮಾತ್ರೆಗೆ ಉಚ್ಚೆ ಕೆಂಪಗಾಗುತ್ತದೆ, ಹೆದರಬೇಡಿ ಎಂದೂ ಹೇಳಿದ್ದಳು. ಅದನ್ನು ಮಾತ್ರ ಮಾರಿ ಕೇಳಿಸಿಕೊಂಡಿರಲಿಲ್ಲ.

ಮೂರನೇ ದಿನ ಬೇಸಿನ್ನು ನೋಡಿ ಮಾರಿ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು. "ರಕ್ತ ಹೋಗ್ತಾ ಉಂಟು ಚಿನ್ನೀ. ಎದೆಯಿಂದ ಕಿತ್ತು ಕೆಳಗೆ ಹೋಗ್ತಾ ಉಂಟು. ಇನ್ನು ಆ ಮಾತ್ರೆ ನಾನು ಮುಟ್ಟೋದಿಲ್ಲ."

ಸರೋಜ ಅರ್ಧ ಗಂಟೆ ಕೂತು ವಿವರಿಸಿದಳು. ಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ಬಾಗಿಲ ಹತ್ತಿರ ನಿಂತಿದ್ದ ಚಿನ್ನಿ ಮೆಲ್ಲಗೆ ಹೇಳಿದ್ದು ಒಂದೇ ಮಾತು: "ಅಜ್ಜಿ, ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ತಿಂದ್ರೆ ಮಾರನೇ ದಿನ ಎಂತ ಬಣ್ಣ ಹೋಗ್ತದೆ?"

ಮಾರಿಯ ತಲೆ ನಿಂತಿತು. ಕೊಡಗಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜಡಿಮಳೆಯ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟಿನ ಮೊದಲಿಗೆ, ಮದ್ದು ಸೊಪ್ಪಿನ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ತುಂಬಿರುತ್ತದೆ ಎಂದು ನಂಬಿಕೆ. ಅದರ ಎಲೆ ದಂಟು ಬೇಯಿಸಿದರೆ ನೀರು ಕಡು ನೇರಳೆ ಆಗುತ್ತದೆ, ಪಾಯಸ ಮಾಡಿ ಉಂಡರೆ ಮಾರನೇ ದಿನ ಕೆಂಪಗೆ ಹೋಗುತ್ತದೆ. ಹೋದರೆ ಸಂತೋಷ, ಮದ್ದು ಮೈಗೆ ಹಿಡಿಯಿತು ಎಂದು ಲೆಕ್ಕ. ಆ ಸೊಪ್ಪು ಎಸ್ಟೇಟಿನ ಯಾವ ಮೂಲೆಯ ನೀರ ತೋಡಿನ ಬದಿಯಲ್ಲಿ ದಟ್ಟವಾಗಿ ಬೆಳೆಯುತ್ತದೆ ಎಂದು ಮಾರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಬೊಳ್ಳಮ್ಮನವರ ಅಡುಗೆಮನೆಗೆ ಮೊದಲ ಕಟ್ಟು ಹೊತ್ತುಕೊಂಡು ಹೋಗುವುದು ಅವಳೇ.

"ಹಂಗಾದ್ರೆ ಮದ್ದು ಹಿಡೀತಾ ಉಂಟು ಅನ್ನು," ಎಂದಳು ಮಾರಿ. ಸೆರಗು ಬಾಯಿಂದ ಇಳಿಯಿತು. ಸರೋಜ ಚಿನ್ನಿಯ ಬೆನ್ನು ತಟ್ಟಿ, "ಟ್ರೇನಿಂಗಿನಲ್ಲಿ ನಮಗೆ ಇದನ್ನ ಹೇಳಿಕೊಡ್ಲೇ ಇಲ್ಲ ನೋಡು" ಎಂದು ನಕ್ಕಿದ್ದಳು. ಅವತ್ತು ಇಡೀ ದಿನ ಚಿನ್ನಿಗೆ ಬೆನ್ನಿನ ಆ ಜಾಗ ಬೆಚ್ಚಗಿತ್ತು.

ಈಗ ಬಚ್ಚಲ ಕಲ್ಲಿನ ಹತ್ತಿರ ಕೂತವಳು ಆ ಮಾತು ನೆನೆದು ದಿನ ಎಣಿಸಿದಳು. ಕಕ್ಕಡ ಹದಿನೆಂಟು ಕಳೆದು ಆರನೇ ದಿನ ಇವತ್ತು. ಬೊಳ್ಳಮ್ಮನವರ ಮನೆಯಿಂದ ಬಂದ ಪಾಯಸ ಉಂಡದ್ದು ಅವತ್ತು ಒಂದೇ ದಿನ. ಆ ಬಣ್ಣ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಐದು ದಿನ ನಿಲ್ಲುವ ಬಣ್ಣವಲ್ಲ ಅದು.

ಮೊದಲ ಆರು ವಾರ ಚಿನ್ನಿ ಎದುರು ನಿಂತೇ ಮಾತ್ರೆ ನುಂಗಿಸುತ್ತಿದ್ದಳು. ಜುಲೈ ಕೊನೆಗೆ ಮಳೆ ನೋಡಲೆಂದು ಬರುವ ಅತಿಥಿಗಳು ಹೆಚ್ಚಾದರು, ಬೆಳಿಗ್ಗೆ ಆರಕ್ಕೇ ಬರಬೇಕೆಂದು ಹೋಮ್‌ಸ್ಟೇಯಿಂದ ಹೇಳಿಕೆ ಬಂತು. ಎದ್ದ ಕೂಡಲೇ ನುಂಗಿದರೆ ಅಜ್ಜಿಗೆ ವಾಂತಿ ಬರುತ್ತಿತ್ತು, ಏಳು ಗಂಟೆಯಾಗಬೇಕು. ಹಾಗಾಗಿ ಮೂರು ಮಾತ್ರೆ ಬಿಡಿಸಿ ಸ್ಟೀಲು ಮುಚ್ಚಳದಲ್ಲಿಟ್ಟು, ನೀರಿನ ಲೋಟ ಪಕ್ಕದಲ್ಲಿಟ್ಟು ಚಿನ್ನಿ ಹೊರಡುತ್ತಿದ್ದಳು. ಸಂಜೆ ಮುಚ್ಚಳ ಖಾಲಿ ಇರುತ್ತಿತ್ತು. ಬೆಳಿಗ್ಗೆ ಬೇಸಿನ್ನು ಕೆಂಪಗಿರುತ್ತಿತ್ತು. ಇನ್ನೇನು ಬೇಕು?

ಬೇಸಿನ್ನು ತೊಳೆದು ಒಳಗೆ ಬಂದಳು. ಒಲೆಯ ಹಿಂದೆ ಸೌದೆ ಎತ್ತಿ ನೋಡಿದಳು. ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ದಂಟು ಅರ್ಧ ಕಟ್ಟು, ಪಕ್ಕದಲ್ಲಿ ಹಳೆಯ ಶರಬತ್ತಿನ ಬಾಟಲಿ, ಕತ್ತಿನವರೆಗೆ ನೇರಳೆ ನೀರು. ಎತ್ತಿ ಹಿಡಿದರೆ ಬೆಳಕು ದಾಟುವುದಿಲ್ಲ. ಮಾತ್ರೆ ಎಲ್ಲಿ? ಅಕ್ಕಿ ಡಬ್ಬಿಯಲ್ಲಿಲ್ಲ, ಎಲೆ ಅಡಿಕೆ ಚೀಲದಲ್ಲಿಲ್ಲ. ಅಜ್ಜಿ ಯಾವುದನ್ನಾದರೂ ಕೆಡದಂತೆ ಇಡಬೇಕೆಂದರೆ ಎಲ್ಲಿಡುತ್ತಾಳೆ ಎಂದು ಯೋಚಿಸಿದಳು. ಕೈ ತಾನಾಗಿ ಕಾಳುಮೆಣಸಿನ ಡಬ್ಬಿಗೆ ಹೋಯಿತು.

"ಎಂತ ಹುಡುಕ್ತಾ ಇದ್ದಿ, ಬೆಕ್ಕಿನ ಹಂಗೆ?" ಮಾರಿ ಎದ್ದು ಕೂತಿದ್ದಳು.

ಚಿನ್ನಿ ಡಬ್ಬಿಯನ್ನು ಮಂಚದ ಮೇಲಿಟ್ಟು ಮುಚ್ಚಳ ತೆಗೆದಳು. ಮೆಣಸಿನ ಮೇಲೆ ಬಟ್ಟೆ ಚೂರು, ಬಟ್ಟೆಯೊಳಗೆ ಮಾತ್ರೆ. ಹದಿನೈದು. ತೇವ ತಾಗಿ ಒಂದಕ್ಕೊಂದು ಅಂಟಿಕೊಂಡು, ಬಟ್ಟೆಗೆಲ್ಲ ಕಂದು ಬಣ್ಣ ಬಿಟ್ಟಿದ್ದವು.

ಮಾರಿ ಸ್ವಲ್ಪವೂ ಅಳುಕಲಿಲ್ಲ. "ಸಿಕ್ಕಿತಾ? ನಾನೇ ಹೇಳೋಳಿದ್ದೆ. ಮೆಣಸಿನ ಜೊತೆ ಇಟ್ರೆ ಹುಳ ಬರೋದಿಲ್ಲ."

"ಯಾಕಜ್ಜಿ?"

"ಯಾಕೆ ಅಂದ್ರೆ? ಈಗ ಸೊಪ್ಪಿನ ಮದ್ದು ಕುಡೀತಾ ಇದ್ದೇನೆ. ಹದಿನೆಂಟು ಮದ್ದು, ಹದಿನೆಂಟು ದಿನ. ಒಂದೇ ಹೊಟ್ಟೆಯೊಳಗೆ ಎರಡು ಮದ್ದು ಜಗಳ ಆಡೋದು ಬೇಡ ಅಂತ ಮಾತ್ರೆಗೆ ರಜೆ ಕೊಟ್ಟೆ. ಕೆಂಪಗೆ ಹೋಗ್ತಾ ಉಂಟಲ್ಲ? ನೀನೇ ಹೇಳಿದ್ದಲ್ಲ ಎರಡೂ ಒಂದೇ ಅಂತ."

"ಒಂದೇ ಅಂತ ನಾನೆಲ್ಲಿ ಹೇಳಿದೆ?"

"ಮತ್ತೆ ಎಂತ ಹೇಳಿದ್ದು?"

ಚಿನ್ನಿ ಡಬ್ಬಿಯನ್ನು ಅಜ್ಜಿಯ ಮುಂದಕ್ಕೆ ನೂಕಿದಳು. "ರಜೆ ಕೊಟ್ರೆ ಬಿಸಾಕ್ಬೇಕಿತ್ತು. ಇಟ್ಟದ್ದು ಯಾಕೆ?"

ಮಾರಿ ಡಬ್ಬಿಯ ಕಡೆ ನೋಡಿದಳು. ಮೊಮ್ಮಗಳ ಕಡೆ ನೋಡಲಿಲ್ಲ. "ಹೋದ ವಾರ ನೀನು ಕೆಮ್ಮಿದೆ. ರಾತ್ರಿ ಎರಡು ಸಲ, ಬೆಳಿಗ್ಗೆ ಒಂದು ಸಲ. ನನಗೆ ಕಿವಿ ಕೇಳೋದಿಲ್ಲ ಅಂತ ತಿಳ್ಕೊಂಡಿದ್ದೀಯಾ?"

"ಅದು ದಿಂಬಿನ ಹತ್ತಿ ಕೊಡವಿದ್ದಕ್ಕೆ."

"ನಂಗೂ ಮೊದಲು ಹೊಗೆಗೆ ಅಂತಲೇ ಕೆಮ್ಮು ಶುರುವಾದದ್ದು. ಆ ಸರೋಜ ಮಾತ್ರೆ ಕೊಡೋದು ನನ್ನ ಹೆಸರಿಗೆ, ನನ್ನ ತೂಕಕ್ಕೆ. ನಿನಗೆ ಬಂದ್ರೆ ನಾಳೆ ಎಷ್ಟು ಅಲೀಬೇಕೋ ಏನೋ. ಹದಿನೆಂಟು ದಿನದ್ದು ಕೂಡಿದ್ರೆ ಮೊದಲಿಗೆ ಸಾಕು ಅಂತ ಇಟ್ಟೆ. ನೀನು ಇನ್ನೂ ಮದುವೆ ಆಗ್ಬೇಕಾದವಳು ಮಗಾ. ನಾನು ಹೆಂಗೂ ಮುದುಕಿ."

ಚಿನ್ನಿ ಮಂಚದ ಕಾಲಿಗೆ ಆತು ಕೂತಳು. ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಬೇರೆ ಏನೋ. ಅದು ಕಣ್ಣಿಗೆ ಬಾರದಿರಲಿ ಎಂದು ಗೋಡೆಯ ಕಾರ್ಡನ್ನು ನೋಡಿದಳು. ನಾಲ್ಕು ಚೌಕ, ನಾಲ್ಕು ಗೀಟು, ನಿನ್ನೆಯದೊಂದು ಇನ್ನೂ ಖಾಲಿ. ಒಂದು ಗೀಟೂ ನಿಜವಲ್ಲ, ನಾಲ್ಕೂ ತಾನೇ ಎಳೆದದ್ದು. ಬರುವ ವಾರ ಡಾಕ್ಟರು ಅದೇ ಕಾರ್ಡು ನೋಡಿ, ಎರಡು ತಿಂಗಳು ತುಂಬಿತು ಎಂದು ಮುಂದಿನ ಮಾತ್ರೆಗೆ ದಾಟಿಸುತ್ತಾರೆ. ಒಳಗಿನ ರೋಗ ಅರ್ಧ ಸತ್ತು ಅರ್ಧ ಬದುಕಿದ್ದರೆ? ಬಿಟ್ಟು ಬಿಟ್ಟು ತೆಗೆದುಕೊಂಡರೆ ಮಾತ್ರೆಗೆ ಬಗ್ಗದ ಟಿ.ಬಿ. ಆಗುತ್ತದೆ, ಆಮೇಲೆ ಎರಡು ಪಟ್ಟು ಕಷ್ಟ ಎಂದು ಸರೋಜ ಹೇಳಿದ್ದಳಲ್ಲ.

ಮಾರಿಗೆ ಮೊಮ್ಮಗಳ ಮುಖ ಓದಲು ಬರುತ್ತಿತ್ತು. ಸ್ವರ ತಗ್ಗಿಸಿ ಹೇಳಿದಳು: "ಅಷ್ಟಕ್ಕೆ ಯಾಕೆ ಮುಖ ಹಂಗೆ ಮಾಡ್ತಿ? ಕಾರ್ಡಿನಲ್ಲಿ ಎಲ್ಲ ಸರಿ ಉಂಟಲ್ಲ. ಸರೋಜಂಗೆ ಹೇಳ್ಬೇಡ. ಹೇಳಿದ್ರೆ ನಿನಗೂ ಬೈತಾಳೆ, ನಂಗೂ ಬೈತಾಳೆ. ಬಾಕಿ ಇದ್ದದ್ದು ಈಗಲೇ ತೀರಿಸ್ತೇನೆ, ನೋಡು."

ಹೇಳುತ್ತಲೇ ಬಟ್ಟೆಯಿಂದ ಮಾತ್ರೆಗಳನ್ನು ಅಂಗೈಗೆ ಕೊಡವಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಎತ್ತಿದಳು. ಹದಿನೈದು ಮಾತ್ರೆ, ಒಂದೇ ಹಿಡಿ. ನಲವತ್ತು ವರ್ಷ ಕಾಫಿ ಹಣ್ಣು ಕಿತ್ತ ಕೈ. ಎಷ್ಟಿದ್ದರೂ ಚೆಲ್ಲದೆ ಹಿಡಿಯುವ ಕೈ.

ಚಿನ್ನಿ ಆ ಮಣಿಕಟ್ಟನ್ನು ಹಿಡಿದಳು. ಇಷ್ಟು ವರ್ಷದಲ್ಲಿ ಅಜ್ಜಿಯ ಮೈಮೇಲೆ ಬಲವಾಗಿ ಕೈ ಹಾಕಿದವಳೇ ಅಲ್ಲ. ಮೂಳೆ ಅಷ್ಟು ಸಣ್ಣಗೆ ಕೈಗೆ ಸಿಕ್ಕಿದ್ದಕ್ಕೆ ಹೆದರಿ ಬಿಡುವವಳಿದ್ದಳು, ಬಿಡಲಿಲ್ಲ.

"ಬಿಡು ಹೆಣ್ಣೇ, ನೋವಾಗ್ತದೆ."

"ನೀನು ಬಿಡು ಮೊದಲು."

"ಸಾಲ ತೀರಿಸ್ತಾ ಇದ್ದೇನೆ."

"ಒಂದೇ ಸಲ ಇಷ್ಟು ನುಂಗಿದ್ರೆ ಆಸ್ಪತ್ರೆಗೆ ಹೊತ್ಕೊಂಡು ಹೋಗ್ಬೇಕಾಗ್ತದೆ ಅಜ್ಜಿ. ಬಿಡು."

ಬೆರಳು ಒಂದೊಂದಾಗಿ ಬಿಡಿಸಿದಳು. ಮಾತ್ರೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಕಂಕುಳಲ್ಲಿ ಇಟ್ಟುಕೊಂಡು, ಫೋನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಚಿನ್ನಿ ಯಾರಿಗೂ ಫೋನು ಮಾಡುವವಳಲ್ಲ. ಮಿಸ್ ಕಾಲ್ ಕೊಟ್ಟು ಅವರೇ ಮಾಡಲೆಂದು ಕಾಯುವವಳು. ಇವತ್ತು ಮಿಸ್ ಕಾಲ್ ಕೊಟ್ಟು ಕಾಯಲು ಧೈರ್ಯ ಸಾಲಲಿಲ್ಲ. ಕಾದರೆ ಹೇಳದೆ ಇದ್ದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಸರೋಜಕ್ಕ, ನಾನು ಚಿನ್ನಿ."

"ಎಂತ, ಇಷ್ಟು ಬೆಳಿಗ್ಗೆ? ಅಜ್ಜಿ ಹುಷಾರಿದ್ದಾರಾ?"

"ಅಜ್ಜಿ ಐದು ದಿನ ಮಾತ್ರೆ ನುಂಗ್ಲಿಲ್ಲ. ಕಾರ್ಡಲ್ಲಿ ಗೀಟು ಹಾಕಿದ್ದು ನಾನು. ನೋಡ್ದೆ ಹಾಕಿದ್ದು." ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಬಣ್ಣ, ಸೊಪ್ಪು, ಬಾಟಲಿ, ಮೆಣಸಿನ ಡಬ್ಬಿ ಎಲ್ಲವೂ ತುಂಡು ತುಂಡಾಗಿ ಬಂತು.

ಬೈಗುಳಕ್ಕೆ ಚಿನ್ನಿ ಕಣ್ಣು ಮುಚ್ಚಿ ನಿಂತಳು.

"ಆ ಹದಿನೈದು ಈಗ ಎಲ್ಲಿ ಉಂಟು?" ಎಂದು ಸರೋಜ ಕೇಳಿದಳು.

"ನನ್ನ ಕಂಕುಳಲ್ಲಿ."

"ಅಲ್ಲೇ ಇರ್ಲಿ. ಒಂದೂ ಕೊಡ್ಬೇಡ, ತೇವ ಆದದ್ದು ಕೆಲಸಕ್ಕೆ ಬರೋದಿಲ್ಲ. ತಪ್ಪಿದ್ದನ್ನ ಒಟ್ಟಿಗೆ ನುಂಗೋ ಹಾಗೂ ಇಲ್ಲ. ಅಜ್ಜಿಗೆ ಏನೂ ತಿನ್ನೋಕೆ ಕೊಡದೆ, ಮಾತ್ರೆ ಸ್ಟ್ರಿಪ್ಪು, ಕಾರ್ಡು, ಆ ಡಬ್ಬಿ ಎಲ್ಲ ತಗೊಂಡು ಎಂಟೂವರೆ ಬಸ್ಸಿಗೆ ಬಾ. ನಾನು ಡಾಕ್ಟರಿಗೆ ಫೋನು ಮಾಡಿ ಆಸ್ಪತ್ರೆ ಹತ್ರ ನಿಂತಿರ್ತೇನೆ." ಫೋನು ಇಡುವ ಮೊದಲು, "ಹೇಳಿದ್ದು ಒಳ್ಳೇದಾಯ್ತು ಮಾರಾಯ್ತಿ. ಆರು ತಿಂಗಳಾದ ಮೇಲೆ ಹೇಳೋರೂ ಇದ್ದಾರೆ" ಎಂದಳು.

ಆಸ್ಪತ್ರೆಯ ವರಾಂಡದಲ್ಲಿ ಬೆಂಚು ತುಂಬಾ ಜನ. ಬೇರೆ ಲೈನುಗಳವರು ಮಾರಿಯನ್ನು ಗುರುತಿಸಿ ಏನಾಯಿತು ಎಂದು ಕೇಳಿದರು. ಮಾರಿ ಮಾಸ್ಕಿನ ಒಳಗಿಂದಲೇ, "ಎಂತ ಇಲ್ಲ, ಈ ಹೆಣ್ಣಿಗೆ ನನ್ನನ್ನು ಮೆರವಣಿಗೆ ಮಾಡ್ಬೇಕು ಅನ್ನಿಸ್ತು" ಎಂದಳು. ಸರೋಜ ಬಂದವಳೇ ಸೊಂಟದ ಮೇಲೆ ಕೈ ಇಟ್ಟು ಎದುರು ನಿಂತಳು.

"ಅಜ್ಜಿ, ಆ ಸೊಪ್ಪಲ್ಲಿ ಎಷ್ಟು ಮದ್ದು ಉಂಟು?"

"ಹದಿನೆಂಟು. ನಿಂಗೆ ಗೊತ್ತಿಲ್ವಾ?"

"ಗೊತ್ತುಂಟು, ನಮ್ಮನೇಲೂ ಪಾಯಸ ಮಾಡಿದ್ದೇನೆ. ಟಿ.ಬಿ.ದು ಹತ್ತೊಂಬತ್ತನೇ ಮದ್ದು. ಅದು ಅದ್ರಲ್ಲಿಲ್ಲ, ನಾನು ಕೊಟ್ಟ ಸ್ಟ್ರಿಪ್ಪಲ್ಲಿ ಮಾತ್ರ ಇರೋದು."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಮಾರಿ ನಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ಬಯಲುಸೀಮೆಯ ಕಡೆಯವರು. ಮದ್ದು ಸೊಪ್ಪು ಅವರಿಗೆ ಹೊಸದು. ಪೂರ್ತಿ ಕೇಳಿಸಿಕೊಂಡು, ಕಣ್ಣಿನ ರೆಪ್ಪೆ ಎಳೆದು ಹಳದಿ ಇದೆಯೋ ನೋಡಿದರು, ಹೊಟ್ಟೆ ಒತ್ತಿದರು, ತೂಕ ಹಿಡಿದರು. ಮೂವತ್ತೆಂಟೂವರೆ. ಎರಡೂವರೆ ಕೆಜಿ ಏರಿದ್ದಳು ಮಾರಿ. ಕಾರ್ಡಿನ ಐದು ಚೌಕದ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಈ ಐದು ದಿನವನ್ನು ಕೊನೆಗೆ ಸೇರಿಸುತ್ತೇವೆ, ಇವತ್ತಿನಿಂದ ದಿನಕ್ಕೆ ಮೂರೇ ಎಂದರು. "ಪಾಯಸ ಉಂಡದ್ದಕ್ಕೆ ನನ್ನ ಜಗಳ ಇಲ್ಲ ಅಜ್ಜಿ. ಆದ್ರೆ ಟ್ರೀಟ್‌ಮೆಂಟ್ ಮುಗಿಯೋವರೆಗೆ ಬಾಟಲಿಯಲ್ಲಿ ಇಟ್ಟು ಕುಡಿಯೋದು ಬೇಡ. ಎಲ್ಲ ಔಷಧೀನೂ ಲಿವರ್ ಮೇಲೆ ಬೀಳುತ್ತೆ. ಬೇರೆ ಏನು ತಗೋಬೇಕಾದ್ರೂ ನಮ್ಮನ್ನ ಕೇಳಿ. ಈಗ ಮೂರು ನುಂಗಿ, ನಾನು ನೋಡ್ತೀನಿ."

ಮಾರಿ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. "ಮೊದಲು ಅವಳನ್ನ ನೋಡಿ."

"ಯಾರನ್ನ?"

"ಇವಳನ್ನ. ಕೆಮ್ಮಿದ್ದಾಳೆ. ಇವಳದ್ದು ಎಂತ ಅಂತ ಹೇಳಿ, ಆಮೇಲೆ ನಾನು ನುಂಗ್ತೇನೆ."

ಚಿನ್ನಿ ಬಾಗಿಲ ಕಡೆ ಸರಿದಳು. ಜೂನಿನಲ್ಲೇ ಅವಳಿಗೂ ಎಕ್ಸ್‌ರೇ ಬರೆದುಕೊಟ್ಟಿದ್ದರು. ರಜೆ ಕೇಳಲು ನಾಚಿ ಹೋಗಿರಲಿಲ್ಲ. ಸರೋಜ ಅದನ್ನು ಮರೆತಿರಲಿಲ್ಲ. "ಎಲ್ಲಾರ ಮೇಲೂ ಕಣ್ಣಿಡ್ತಾಳೆ ಡಾಕ್ಟ್ರೇ, ತನ್ನನ್ನ ಮಾತ್ರ ಯಾರೂ ನೋಡ್ಬಾರ್ದು ಇವಳಿಗೆ" ಎಂದಳು. ಡಾಕ್ಟರು ಚಿನ್ನಿಯ ಎದೆಗೆ ಸ್ಟೆಥಸ್ಕೋಪ್ ಇಟ್ಟು ಕೇಳಿ, ಆ ವಾರದಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬರಲು ಚೀಟಿ ಬರೆದರು. ಚೀಟಿ ಚಿನ್ನಿಯ ಕೈ ಸೇರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮಾರಿ ಮಾತ್ರೆ ನುಂಗಿದ್ದು.

"ಬಾಯಿ ತೆಗೀರಿ. ನಾಲಗೆ ಎತ್ತಿ," ಎಂದರು ಡಾಕ್ಟರು. ಟಾರ್ಚು ಹಾಕಿ ನೋಡಿದರು. ಬಾಗಿಲು ತೆರೆದೇ ಇತ್ತು. ಬೆಂಚಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. "ಇನ್ನು ದಿನಾ ಹೀಗೇ. ಮೊಮ್ಮಗಳು ನೋಡ್ಬೇಕು, ಆಮೇಲೆ ಗೀಟು ಹಾಕ್ಬೇಕು."

ಹೊರಗೆ ಬಂದು ಮಾರಿ ಹೇಳಿದ್ದು ಒಂದೇ ಮಾತು. "ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಂಗೆ ನೋಡಿದ್ರು ನನ್ನ ಬಾಯಿ. ಅಷ್ಟು ಜನರ ಎದುರು. ನೀನು ನಿಂತು ನೋಡಿದೆ." ಆಮೇಲೆ ಬಸ್ಸಿನ ಕಿಟಕಿಯ ಕಡೆ ತಿರುಗಿದಳು.

ಮನೆಗೆ ಬಂದ ಮೇಲೆ ಚಿನ್ನಿ ಬಾಟಲಿಯ ನೀರನ್ನು ಚರಂಡಿಗೆ ಸುರಿದಳು. ದಂಟಿನ ಕಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿದಳು. ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು, ತಡೆಯಲಿಲ್ಲ. ಆ ಸೊಪ್ಪನ್ನು ತೋಡಿನ ಬದಿಯಲ್ಲಿ ಬಗ್ಗಿ ಬಗ್ಗಿ ಕೊಯ್ದವಳು, ಉಸಿರು ಸಾಲದ ಎದೆಯಲ್ಲಿ ಏರಿ ಹೊತ್ತು ತಂದವಳು ಅವಳೇ. ಚಿನ್ನಿಗೆ ಅದು ಗೊತ್ತಿತ್ತು.

ಇನ್ನು ಬೊಳ್ಳಮ್ಮನವರನ್ನು ಕೇಳುವುದು ಬಾಕಿ ಇತ್ತು. ಆಸ್ಪತ್ರೆಗಾಗಿ ಒಂದು ದಿನ ಹೇಳದೆ ರಜೆ ಬೇರೆ ಮಾಡಿದ್ದಳು. ಮರುದಿನ ಅವರು ಅಡುಗೆಮನೆಯ ಹೊರಗೆ ಮೊಟ್ಟೆ ಎಣಿಸುತ್ತಿದ್ದಾಗ ಚಿನ್ನಿ ಹೋಗಿ ಕಂಬದ ಪಕ್ಕದಲ್ಲಿ ನಿಂತಳು. ಮೊಟ್ಟೆಯ ಎರಡು ಟ್ರೇ ಮುಗಿಯುವವರೆಗೆ ನಿಂತೇ ಇದ್ದಳು.

"ಎಂತ, ಕಂಬಕ್ಕೆ ಆಧಾರ ಕೊಡ್ತಾ ಇದ್ದೀಯಾ?" ಎಂದರು ಬೊಳ್ಳಮ್ಮ.

"ಅಮ್ಮ, ನಾನು ದಿನಾ ಏಳೂವರೆಗೆ ಬರ್ತೇನೆ. ಅಜ್ಜಿ ಮಾತ್ರೆ ನುಂಗಿದ ಮೇಲೆ."

ಬೊಳ್ಳಮ್ಮ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು. ಈ ಹುಡುಗಿ ತಾನಾಗಿ ಬಂದು ಒಂದು ವಾಕ್ಯ ಪೂರ್ತಿ ಹೇಳಿದ್ದು ಅವರಿಗೆ ನೆನಪಿರಲಿಲ್ಲ. "ಆರು ಗಂಟೆಗೆ ಬಾ ಅಂತ ಯಾರು ಹೇಳಿದ್ದು?"

"ಕುಕ್ ಹೇಳಿದ್ರು. ಗೆಸ್ಟಿಗೆ ಬಿಸಿನೀರು ಅಂತ."

"ಅವನಿಗೆ ಒಲೆ ಹಚ್ಚೋಕೆ ಸೋಮಾರಿತನ. ನನ್ನ ಗೆಸ್ಟುಗಳು ಒಂಬತ್ತಕ್ಕೆ ಮುಂಚೆ ಎಲ್ಲಿ ಏಳ್ತಾರೆ? ಎಂಟಕ್ಕೇ ಬಾ ಹೋಗು." ಆಸ್ಪತ್ರೆಯ ಸುದ್ದಿ ಅವರಿಗೂ ಮುಟ್ಟಿತ್ತು, ಚಿನ್ನಿ ತಿರುಗಿದಾಗ ಹಿಂದಿನಿಂದ ಕರೆದರು. "ಆ ಪಾಯಸ ನಾನೇ ಕಳಿಸಿದ್ದಲ್ವಾ? ನನಗೂ ಹೊಳೀಲಿಲ್ಲ ನೋಡು. ಮಾರಿಗೆ ನಾಲ್ಕು ಮೊಟ್ಟೆ ತಗೊಂಡು ಹೋಗು. ಬೇಯಿಸಿ ಕೊಡು."

ಎರಡು ದಿನ ಬಿಟ್ಟು ಎಕ್ಸ್‌ರೇ ನೋಡಿ ಡಾಕ್ಟರು ಚಿನ್ನಿಯ ಎದೆಯಲ್ಲಿ ಏನೂ ಇಲ್ಲ, ಆದರೂ ಕೆಮ್ಮು ನಿಲ್ಲದಿದ್ದರೆ ಮತ್ತೆ ಬಾ ಎಂದರು. ಚಿನ್ನಿ ಓಡುತ್ತಲೇ ಮನೆಗೆ ಬಂದು, "ಏನೂ ಇಲ್ವಂತೆ ಅಜ್ಜಿ" ಎಂದಳು. ಮಾರಿ ಒಲೆಯ ಮುಂದೆ ಕೂತಿದ್ದವಳು ಎರಡೂ ಕೈ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಕೈ ಇಳಿಸಿ ರೊಟ್ಟಿ ಮಗುಚಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಏಳು ದಿನ ಮಾರಿ ಚಿನ್ನಿಯೊಡನೆ ಮಾತು ಬಿಟ್ಟಿದ್ದಳು. ಲೈನಿನವರ ಹತ್ತಿರ ಮಾರಿ ಮೊದಲಿನಂತೆಯೇ ಮಾತಾಡುತ್ತಿದ್ದಳು. ಕೋಳಿಗೆ ಬೈಯುತ್ತಿದ್ದಳು, ಒಲೆಗೆ ಬೈಯುತ್ತಿದ್ದಳು, ಪಕ್ಕದ ಮನೆಯ ಕೆಂಚ ಬೀಡಿ ಸೇದುತ್ತಾ ಬಾಗಿಲ ಮುಂದೆ ಹಾದರೆ, "ನಿನ್ನ ಹೊಗೆ ನಿನ್ನ ಮನೆಯೊಳಗೇ ಬಿಡು" ಎಂದು ಅವನಿಗೂ ಬೈಯುತ್ತಿದ್ದಳು. ಚಿನ್ನಿ ಒಳಗೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಾಗೆಂದು ಬೇರೆ ಯಾವುದೂ ನಿಂತಿರಲಿಲ್ಲ. ಕೆಲಸದಿಂದ ಬಂದಾಗ ಒಲೆ ಪಕ್ಕದಲ್ಲಿ ಒಣ ಟವಲು ಬೆಚ್ಚಗೆ ಮಡಚಿಟ್ಟಿರುತ್ತಿತ್ತು. ಬೇಯಿಸಿದ ಮೊಟ್ಟೆಯ ಅರ್ಧ ಚಿನ್ನಿಯ ತಟ್ಟೆಗೆ ಬಂದಿರುತ್ತಿತ್ತು. ಚಿನ್ನಿ ಅದನ್ನು ತಿರುಗಿ ಅಜ್ಜಿಯ ತಟ್ಟೆಗೆ ಹಾಕಿದರೆ, ತುಟಿ ಬಿಗಿಹಿಡಿದು ಮತ್ತೆ ಇತ್ತ ನೂಕುತ್ತಿದ್ದಳು. ರಾತ್ರಿ ಚಿನ್ನಿ ನಿದ್ದೆಯಲ್ಲಿ ಹೊರಳಿದರೆ ಒಂದು ಕೈ ಬಂದು ಹೊದಿಕೆ ಸರಿಮಾಡಿ ಹೋಗುತ್ತಿತ್ತು.

ಎಂಟನೇ ದಿನದ ಬೆಳಿಗ್ಗೆ ಏಳು ಗಂಟೆಗೆ ಚಿನ್ನಿ ಸ್ಟ್ರಿಪ್ಪಿನಿಂದ ಮೂರು ಮಾತ್ರೆ ಒತ್ತಿ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು. ಬೆಚ್ಚಗಿನ ನೀರಿನ ಲೋಟ ಕೊಟ್ಟಳು. ಮಾರಿ ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿ, ನೀರು ಕುಡಿದು, ಗಂಟಲು ಎತ್ತಿ ನುಂಗಿದಳು. ಆಮೇಲೆ ಯಾರೂ ಹೇಳದೆಯೇ ಬಾಯಿ ತೆರೆದಳು. ನಾಲಗೆ ಎತ್ತಿದಳು, ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದೇ ಇಟ್ಟಳು. ಉಳಿದ ನಾಲ್ಕು ಹಲ್ಲು ಕಂಡವು. ಮಾತ್ರೆ ಎಲ್ಲೂ ಇರಲಿಲ್ಲ.

ಚಿನ್ನಿ ಗೀಟು ಎಳೆದಳು. ಪೆನ್ನು ಕಾರ್ಡಿಗೆ ಸಿಕ್ಕಿಸಿ ತಿರುಗಿದಾಗ ಅಜ್ಜಿ ಆಗಲೇ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಜಡೆ ಹೆಣೆಯಲು ಕೂದಲು ಬಿಚ್ಚಿದ್ದಳು. ಚಿನ್ನಿ ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡಳು. ಮಾರಿ ಬೇಡ ಎನ್ನಲಿಲ್ಲ. ತೆಳ್ಳಗಿನ ಬಿಳಿ ಕೂದಲು, ಬೇಗ ಸಿಕ್ಕಾಗುವಂಥದು. ನಿಧಾನವಾಗಿ ಬಿಡಿಸಿ, ಮೂರು ಎಳೆ ಮಾಡಿ, ಹೆಣೆದು, ತುದಿಗೆ ದಾರ ಕಟ್ಟಿದಳು. ಕೆಲಸಕ್ಕೆ ಹೊತ್ತಾಗುತ್ತಿತ್ತು. ಎದ್ದು ಛತ್ರಿ ತೆಗೆದುಕೊಂಡು ಹೊಸ್ತಿಲವರೆಗೆ ಹೋದಳು, ಅಲ್ಲೇ ನಿಂತಳು.

"ಅಜ್ಜಿ," ಎಂದಳು, "ಬೈಯೋದಾದ್ರೂ ಬೈಯಿ. ಏನಾದ್ರೂ ಒಂದು ಮಾತಾಡು."

ಮಾರಿ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡು, ಕಟ್ಟಿದ ದಾರ ಬಿಗಿಯಾಗಿದೆಯೇ ಎಂದು ಬೆರಳಿನಿಂದ ನೋಡುತ್ತಾ ಕೂತಿದ್ದಳು.